ಯಾವ ಗುಂಪಿನ ಕೂಸು

ಊಟಕ್ಕೆ ಮೊದಲು ಒಮ್ಮೆ ಲೆಕ್ಕ ನೋಡಿಬಿಡೋಣ ಎಂದು ಕೂತವಳಿಗೆ ಊಟವೇ ಮರೆತುಹೋಯಿತು. ಕಂಪ್ಯೂಟರಿನಲ್ಲಿ ಮಕ್ಕಳ ಎರಡು ಗುಂಪು, ಅ ಮತ್ತು ಬ. ಒಂದಕ್ಕೆ ಭೇದಿ ತಡೆಯುವ ಹೊಸ ಹನಿಮದ್ದು, ಇನ್ನೊಂದಕ್ಕೆ ಬರೀ ಸಕ್ಕರೆ ನೀರು. ಯಾವುದು ಯಾವುದೆಂದು ಲೆಕ್ಕ ಹಾಕುವ ನನಗೂ ತಿಳಿಸುವುದಿಲ್ಲ. ಪಕ್ಷಪಾತ ಆಗಬಾರದಲ್ಲ, ಅದಕ್ಕೇ. ಅ ಗುಂಪಿನಲ್ಲಿ ಸತ್ತ ಮಕ್ಕಳು ಬ ಗುಂಪಿಗಿಂತ ಎರಡು ಪಟ್ಟು ಹೆಚ್ಚಾಗಿದ್ದರು.

ತಂಗಿಯ ಕೂಸೂ ಈ ಮದ್ದಿನ ಪರೀಕ್ಷೆಯಲ್ಲಿದೆ. ಯಾವ ಗುಂಪಿನಲ್ಲೋ, ದೇವರೇ ಬಲ್ಲ.

ಪರೀಕ್ಷೆಯ ಮೇಲೆ ಕಣ್ಣಿಡುವ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ. ಮಕ್ಕಳ ಡಾಕ್ಟರು, ಒಳ್ಳೆಯ ಮನುಷ್ಯ, ಆದರೆ ಆತುರ ಅವರ ಜಾಯಮಾನದಲ್ಲೇ ಇಲ್ಲ.

“ನಿಲ್ಲಿಸೋ ಗೆರೆ ದಾಟಿದೆಯೇನಮ್ಮಾ?”

“ಇಲ್ಲ ಸರ್. ಹತ್ತಿರ ಬಂದಿದೆ.”

“ಹಾಗಾದ್ರೆ ಆಕಸ್ಮಿಕವೂ ಇರಬಹುದು. ಮುಂದಿನ ಸಭೇಲಿ ನೋಡೋಣ. ಈಗ ಬಾಯಿ ಬಿಟ್ರೆ ಇಷ್ಟು ವರ್ಷದ ಕೆಲಸ ನೀರುಪಾಲು.”

ವಾದಿಸಲು ನನಗೆ ಮುಖವೆಲ್ಲಿತ್ತು? ಎಷ್ಟು ಸಾವಾದರೆ ನಿಲ್ಲಿಸಬೇಕು ಎಂದು ಆ ಗೆರೆ ಎಳೆದವಳೇ ನಾನು. ಎಳೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಫೋನ್ ಕೆಳಗಿಡುವಷ್ಟರಲ್ಲಿ ತಂಗಿಯ ಕರೆ ಬಂತು.

“ಅಕ್ಕಾ, ನಾಳೆ ಎರಡನೇ ಡೋಸು. ಇವಳಿಗೆ ಒಂಚೂರು ನೆಗಡಿ. ಕರ್ಕೊಂಡು ಹೋಗ್ಲಾ, ಬೇಡ್ವಾ? ನೀನು ಲೆಕ್ಕದ ಮಹಾರಾಣಿ, ಅಪ್ಪಣೆ ಕೊಡು.”

ಬೇಡ ಎನ್ನಲೇ? ಸಾಯುತ್ತಿರುವವರು ಸಕ್ಕರೆ ನೀರಿನವರಾಗಿದ್ದು, ಕೂಸಿಗೆ ಸಿಗುತ್ತಿರುವುದು ನಿಜವಾದ ಮದ್ದಾಗಿದ್ದರೆ? ಹೋಗು ಎನ್ನಲೇ? ಆ ಹನಿಯೇ ಕೊಲ್ಲುತ್ತಿದ್ದರೆ? ಇಷ್ಟು ವರ್ಷ ಅಂಕಿಗಳ ಜೊತೆ ಸಂಸಾರ ಮಾಡಿದವಳಿಗೆ ಆ ಹೊತ್ತಿಗೆ ಒಂದು ಅಂಕಿಯೂ ನೆರವಿಗೆ ಬರಲಿಲ್ಲ. ಕಣ್ಣೆದುರು ಇದ್ದದ್ದು ಹಲ್ಲು ಮೂಡದ ಆ ಬಾಯಿ ಮಾತ್ರ.

“ಹೋಗ್ಬೇಡ,” ಅಂದೆ.

ನನ್ನ ತಂಗಿ ಚಿಕ್ಕಂದಿನಿಂದಲೂ ನನ್ನ ದನಿ ಕೇಳಿಯೇ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುವವಳು.

“ನೆಗಡಿ ಅಂತ ಹೇಳ್ತಿಲ್ಲ ನೀನು, ಅಲ್ವಾ?”

ಕಂಪ್ಯೂಟರಿನಲ್ಲಿದ್ದ ಅ ಗುಂಪಿನ ಅಂಕಿಯನ್ನು ಇನ್ನೊಮ್ಮೆ ನೋಡಿದೆ.

“ಅಕ್ಕಾ, ನಮ್ಮ ಬೀದಿಯ ತಾಯಂದಿರನ್ನೆಲ್ಲ ಇದಕ್ಕೆ ಸೇರಿಸಿದ್ದು ನಾನು. ಲೆಕ್ಕ ನೋಡೋದು ನಮ್ಮಕ್ಕ, ಹೆದರ್ಬೇಡಿ ಅಂದಿದ್ದೆ. ಪಕ್ಕದ್ಮನೆಯವಳು ಮಗು ಎತ್ಕೊಂಡು ಇಲ್ಲೇ ನಿಂತಿದಾಳೆ, ನಾಳೆ ಎಷ್ಟೊತ್ತಿಗೆ ಹೊರಡೋಣ ಅಂತ ಕೇಳ್ತಿದಾಳೆ.” ಅವಳ ದನಿ ಇಳಿಯಿತು. “ನಾನೊಬ್ಬಳು ಹೋಗ್ಬಾರ್ದಾ? ಇಲ್ಲಾ, ಯಾರೂ ಹೋಗ್ಬಾರ್ದಾ?”



“ಯಾರೂ ಹೋಗ್ಬಾರ್ದು,” ಅಂದೆ.

ಅವಳು ಅದನ್ನು ಪಕ್ಕದವಳಿಗೆ ಹೇಳುವುದು ಕೇಳಿಸಿತು. ಉಳಿಸುವ ಹನಿಯೇ ಆಗಿದ್ದರೆ, ಒಂದು ಬೀದಿಯ ಅಷ್ಟೂ ಮಕ್ಕಳ ಬಾಯಿಂದ ಅದನ್ನು ಕಿತ್ತುಕೊಂಡವಳು ನಾನು.