ಒಂದೇ ಕಾರ್ಡಿನ ಎರಡು ದಾರಿ

"ಕಾರ್ಡ ತೋರಿಸ್ರಿ," ಅಂದ ಆಸಿಫ, ಶಾದಿಖಾನಿ ಗೇಟಿಗಿ ಅಡ್ಡ ನಿಂತು.

ನನ್ನ ಬಾಜೂಕ ನಿಂತಿದ್ದ ಅಮ್ಮಿ ಚೀಲದಾಗಿಂದ ತೆಗೆದು ಕೊಟ್ಟಳು. ಕಾರ್ಡಿನ ಕೆಳಗಿನ, ಸ್ಕ್ಯಾನ್ ಮಾಡೂ ಕರೀ ಚುಕ್ಕಿ ಚೌಕಕ್ಕ ಅಂವ ಫೋನ್ ಹಿಡಿದ. ನಕ್ಷಾ ತೆರೀತು. ಔರಾದದಿಂದ ಬಂದ ದುಲ್ಹಾನ, ಮದಿಮಗನ, ಕಡಿಯವರಿಗೆಲ್ಲ ಕಾಣೂಹಂಗ ಫೋನ್ ತಿರುವಿದ.

"ನೋಡ್ರಿ, ನಿಮ್ಮ ಜಗಾ ಇಲ್ಲಿಲ್ಲ. ಭಾಲ್ಕಿ ರೋಡಿನ ಶೆಡ್ಡಿನಾಗ ಅದ. ನಿಮಗ ಓದಾಕ ಬರಲ್ದಿದ್ರ ಏನಾತು, ಫೋನ್ ಓದಿ ಹೇಳ್ತದಲ್ರಿ. ಊಟದ ವಾಸನಿ ಹಿಡದು ಬರೋರು ಎಲ್ಲಾ ಶಾದಿಗೂ ಇರ್ತಾರ."

ಇಬ್ಬರು ಮೂವರು ನಕ್ಕರು. ಅಕಿ ದುಲ್ಹನಿನ ಸ್ವಂತ ಫುಪ್ಪು, ಅಪ್ಪನ ಒಡಹುಟ್ಟಿದ ಅಕ್ಕ ಅಂತ ಅವರಿಗಿ ಹ್ಯಾಂಗ ಗೊತ್ತಾಗಬೇಕು? ಆಸಿಫ ಹೇಳಲಿಲ್ಲ.

ಆಸಿಫ ನನ್ನ ಮಾಮುನ ಮಗ. ಮಾಮು ಅಬ್ದುಲ ಮಜೀದ, ಬೀದರದ ಗಾಂಧಿ ಗಂಜದಾಗ ತೊಗರಿ ಅಡತಿ ದುಕಾನದವ, ಅಮ್ಮಿಯ ಒಡಹುಟ್ಟಿದ ತಮ್ಮ. ಇವತ್ತಿನ ಶಾದಿ ಅವನ ಮಗಳು ನಿಖತಂದು. ತಾಯಿ ಹೋದಾಗ ನಿಖತ ಇನ್ನಾ ಕೂಸು. ಖಟಕ ಚಿಂಚೋಳಿಯ ನಮ್ಮ ಮನ್ಯಾಗೇ ಬೆಳೆದಳು. ನಿಕಾಹದ ಹೊತ್ತಿಗಿ ದುಲ್ಹನ ತಲಿ ಮ್ಯಾಲ ಕೆಂಪ ಓಢಣಿ ಹೊಚ್ಚೂದು ಫುಪ್ಪು. ನಮ್ಮ ಖಾನದಾನದ ರಿವಾಜ ಅದು. ಮಳಿಗಾಲ ಪೂರಾ ಕೂತು ಅಮ್ಮಿ ಆ ಓಢಣಿಗಿ ಜರಿ ಗೋಟಾ ಹಚ್ಚಿದ್ದಳು. ಅದು ಈಗ ಅಕಿ ಚೀಲದಾಗಿತ್ತು.

ಕಾರ್ಡ ಹಂಚಿದವ ನಾನೇ. ನಮ್ಮಲ್ಲಿ ಫೋನಿನಾಗ ಕಾರ್ಡ ಕಳಿಸಿದ್ರ ಯಾರೂ ಬರಂಗಿಲ್ಲ. ಮನಿ ಮನುಷ್ಯಾನೇ ಹೋಗಿ ಬಾಯಿಲೆ ಕರೀಬೇಕು. ಆಸಿಫ ಎರಡು ಗಂಟು ಕೊಟ್ಟಿದ್ದ. "ಇದು ಬೀದರದ್ದು, ಇದು ಹಳ್ಳೀದು, ಕಲಸಬ್ಯಾಡ." ಎರಡೂ ಒಂದೇ ಬಣ್ಣ, ಒಂದೇ ಬಂಗಾರ ಅಕ್ಷರ. ಶಾದಿಖಾನಿ ಹೆಸರು ಮಾತ್ರ ಯಾವುದರ ಮ್ಯಾಲೂ ಇಲ್ಲ. "ಈಗ ಇದೇ ಫ್ಯಾಶನ್ ಅದ, ಸ್ಕ್ಯಾನ್ ಮಾಡಿದ್ರ ಬಾಗಲತನಕ ಒಯ್ತದ," ಅಂದ. ಈ ಗಂಟಿನ ಚುಕ್ಕಿ ಬ್ಯಾರೆ, ಆ ಗಂಟಿನ ಚುಕ್ಕಿ ಬ್ಯಾರೆ ಅಂತ ಯಾವ ಕಣ್ಣಿಗಿ ತಿಳೀತದ? ನಾ ಒಂದನ್ನೂ ಸ್ಕ್ಯಾನ್ ಮಾಡಲಿಲ್ಲ. ಶಾದಿಖಾನ್ಯಾಗ ಕುರ್ಚಿ ಇಳಿಸಿದವ ನಾ. ಗೊತ್ತಿದ್ದ ಜಗಾಕ್ಕ ಫೋನಿಗಿ ಯಾಕ ಕೇಳ್ಲಿ?

ಸಂತಪುರದಾಗ ನನ್ನ ದೋಸ್ತ ದಿಲೀಪ ಕೇಳಿದ್ದ, "ಹಾಲ್ ಎಲ್ಲದಲೇ?"

"ಫೋನ್ ಒಯ್ತದ, ನೀ ಸುಮ್ಮ ಗಾಡ್ಯಾಗ ಕೂಡು. ನಮ್ಮ ಮನಿ ಶಾದಿ. ಬರಲಿಲ್ಲಂದ್ರ ನಿನ್ನ ಮಾರಿ ನೋಡಂಗಿಲ್ಲ ನೋಡು."

ಅಮ್ಮಿ ಕೈಗಿ ಕೊಟ್ಟದ್ದೂ ಅದೇ ಹಳ್ಳಿ ಗಂಟಿನದು. ಶಾದಿ ದಿನ ನಾ ಮುಂಜಾನೇ ಹಾಲಿಗಿ ಬಂದಿದ್ದೆ, ಅಕಿ ಊರ ಹೆಣ್ಣಮಕ್ಕಳ ಸಂಗಟ ಆ ಕಾರ್ಡ ಹಿಡಕೊಂಡೇ ಹೊಂಟಳು.

ಆಸಿಫ ಗೇಟಿನಾಗ ತಡಿಯೋಕಿಂತ ಒಂದು ತಾಸು ಮೊದಲ ದಿಲೀಪನ ಫೋನ್ ಬಂತು. "ಏ ರಿಜ್ವಾನ, ಫೋನ್ ಹೇಳ್ದಲ್ಲೇ ಬಂದೀವಿ. ಒಂದು ಪತ್ರಾ ಶೆಡ್ ಅದ, ತಾಡಪತ್ರಿ ಹಾಸ್ಯಾರ, ಅನ್ನದ ದೇಗಡಿ ಅದಾವ. ಹುಡುಗನೂ ಇಲ್ಲ, ಹುಡುಗೀನೂ ಇಲ್ಲ. ಇದೆಂಥಾ ಶಾದಿಪಾ? ನಿಮ್ಮ ಅಮ್ಮೀನೂ ಇಲ್ಲೇ ಕೂತಾರ, ಚೀಲ ತೊಡಿ ಮ್ಯಾಲ ಇಟಗೊಂಡು."

ಗಾಡಿ ಹೊಡಕೊಂಡು ಹೋಗಿ ಅಮ್ಮಿಗಿ ಕರಕೊಂಡು ಬಂದೆ. ದಾರಿ ಪೂರಾ ಅಕಿ, "ಆಸಿಫನ ಫೋನಿನಾಗ ಏನೋ ಗಲತ ಆಗ್ಯಾದ, ಅಂವಗ ಬೈಬ್ಯಾಡ," ಅಂತಿದ್ದಳು.

ಈಗ ಗೇಟಿನಾಗಿನ ಗದ್ದಲ ಕೇಳಿ ಮಾಮು ಹೊರಗ ಬಂದ. ಅಂವಗ ಗೊತ್ತಿರಲಿಕ್ಕಿಲ್ಲ ಅಂತ ನನಗಿನ್ನಾ ಆಸೆ ಇತ್ತು.

"ಮಾಮು, ಎರಡು ನಮೂನಿ ಕಾರ್ಡ ಅಂತ ನಿಮಗ ಗೊತ್ತಿತ್ತೇನ್ರಿ?"

"ದನಿ ಇಳಸು," ಅಂದ. "ಔರಾದಿನವರು ದೊಡ್ಡ ಮಂದಿ. ಹಳ್ಳಿಯವರು ಲುಂಗಿ ಮ್ಯಾಲ ಬಂದು ಅವರ ಬಾಜೂಕ ಕೂತ್ರ ನಾಳೆ ನಿಖತಗ ಮಾತು ಬರ್ತದ. ಬಿರ್ಯಾನಿ ಎರಡೂ ಕಡಿ ಒಂದೇ ಮಾಡ್ಸೀನಿ, ಬೇಕಾದ್ರ ಕೇಳು." ಅಮ್ಮಿ ಕಡಿ ತಿರುಗಿದ. "ಆಪಾ, ನೀವು ಹಿಂದಿನ ಬಾಗಲಿಲೆ ಬರ್ರಿ. ನಿಖತ ನಿಮಗೇ ಕೇಳ್ಲತಾಳ."

ಅಮ್ಮಿ ನನ್ನ ಕೈ ಹಿಡಿತಾಳ, ನಡಿ ಬೇಟಾ ಅಂತಾಳ ಅನಕೊಂಡೆ. ಅಕಿ ಚೀಲ ಎದಿಗಿ ಅವಚಿಕೊಂಡಳು.

"ನಿಖತಗ ಹೆತ್ತ ತಾಯಿ ಇದ್ದಿದ್ರ ನಾ ಹೋಗ್ತಿದ್ದಿಲ್ಲ. ನೀ ಜಗಳ ತೆಗಿಬ್ಯಾಡ."

ದೇಗಡಿ ತೊಳಿಯೋ ಕಡಿಯ ಸಣ್ಣ ಬಾಗಲಾಗ ತಲಿ ಬಗ್ಗಿಸಿ ಒಳಗ ಹೋದಳು. ಅಲ್ಲಿ ಶೆಡ್ಡಿನಾಗ ಅಕಿ ಸಂಗಟ ಬಂದ ಹೆಣ್ಣಮಕ್ಕಳು ಇನ್ನಾ ಅಕಿ ದಾರಿ ನೋಡ್ಲತಿದ್ರು. ಸಿಟ್ಟು ಬಂದದ್ದು ಆಸಿಫನ ಮ್ಯಾಲಷ್ಟೇ ಅಲ್ಲ, ನನ್ನ ಮ್ಯಾಲೂ. ಮನಿ ಮನಿ ಮುಂದ ನಿಂತು ಬರ್ರಿ ಬರ್ರಿ ಅಂದದ್ದು ನನ್ನ ಬಾಯಿ. ಆ ಊರಾಗ ಇನ್ನ ಯಾವ ಮಾರಿ ಇಟಗೊಂಡು ತಿರಗಲಿ?

ಮಾಮು ನನ್ನ ಹೆಗಲ ಮ್ಯಾಲ ಕೈ ಇಟ್ಟ. ದನಿ ಬೆಣ್ಣಿ ಆಗಿತ್ತು.

"ರಿಜ್ವಾನ, ಅವರೆಲ್ಲಾ ನಿನ್ನ ಮಾತು ನಂಬ್ತಾರ. ಶೆಡ್ಡಿಗಿ ಹೋಗಿ ಹೇಳು, ಹಾಲಿನಾಗ ಜಗಾ ಸಾಲಲಿಲ್ಲ, ಮಾಮು ಮಾಫಿ ಕೇಳ್ಯಾನ ಅಂತ. ಹೇಳ್ತಿ ಹೌದಿಲ್ಲೋ?"

ಹೆಗಲ ಮ್ಯಾಲಿನ ಕೈ ತೆಗೆದೆ.

"ಹೌದಿಲ್ಲೋ, ಬೇಟಾ?"

ನಾ ಹೊಳ್ಳಿ ನೋಡಲಿಲ್ಲ. ಔರಾದಿನವರ ಕಾರುಗಳ ನಡುವಿಂದ ರೋಡಿಗಿ ಇಳಿದು, ಶೆಡ್ಡಿನ ಕಡಿ ನಡೀತಾ ಹೋದೆ; ಮಾಮುನ ಸುಳ್ಳು ನನ್ನ ಬಾಯಿಲೆ ಬರಂಗಿಲ್ಲ.