ಹಿಂಬಾಗಿಲಿಲ್ಲದ ಅಂಗಡಿ

ಅಕ್ಕನ ಮೈಯೆಲ್ಲ ಉರಿದುಹೋಯಿತು. ಗ್ರಾಫ್ ಹಾಳೆಯ ಮೇಲೆ ಅಪ್ಪನ ಅಂಗಡಿಗೆ ತಮ್ಮ ಕೆಂಪು ಬಳಿದಿದ್ದ.

ಕೆಂಪೆಂದರೆ ರಾಕ್ಷಸ ಕಾದು ಕೂತಿರುವ ಜಾಗ, ಹಸಿರೆಂದರೆ ಆಟಗಾರ ದಣಿವಾರಿಸಿಕೊಳ್ಳುವ ಜಾಗ. ಈ ಕಟ್ಟಳೆ ಮಾಡಿದ್ದೂ ಅಕ್ಕನೇ. ಎಲ್ಲವನ್ನೂ ಚೌಕ ಚೌಕ ಕಲ್ಲಿನಿಂದ ಕಟ್ಟುವ ಆ ಕಂಪ್ಯೂಟರ್ ಆಟದಲ್ಲಿ ಇಬ್ಬರೂ ಸೇರಿ ಸ್ವಂತದ್ದೊಂದು ಸಾಹಸದ ಮ್ಯಾಪ್ ಮಾಡಲು ಹೊರಟು ನಾಲ್ಕು ತಿಂಗಳಾಗಿತ್ತು. ಟೈಲರ್ ಅಕ್ಕ ಹಾಳೆಯ ಮೇಲೆ ಒಂದು ಚೌಕಕ್ಕೆ ಒಂದು ಕಲ್ಲಿನಂತೆ ನಕ್ಷೆ ಬರೆಯುವುದು, ಎಲೆಕ್ಟ್ರಿಷಿಯನ್ ತಮ್ಮ ಅದನ್ನು ನೋಡಿಕೊಂಡು ಪರದೆಯ ಮೇಲೆ ಕಟ್ಟುವುದು. ಭಾನುವಾರ ಬಂತೆಂದರೆ ಇಬ್ಬರಿಗೂ ಊಟದ ಪರಿವೆಯೇ ಇರುತ್ತಿರಲಿಲ್ಲ.

ಸುರಂಗ, ಮುರಿದ ಸೇತುವೆ, ಬಾವಲಿಗಳ ಗೋಪುರ ದಾಟಿ ಬಂದವನಿಗೆ ಕೊನೆಗೆ ಸಿಗುವುದು ಅಪ್ಪನ ಗಡಿಯಾರ ರಿಪೇರಿ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅದನ್ನು ಕೆಡವಿ ಯಾರೋ ಕಾರು ನಿಲ್ಲಿಸಿಕೊಳ್ಳುತ್ತಿದ್ದರು. ಹೋಗಲಿ, ಆಟದಲ್ಲಾದರೂ ಇರಲಿ ಅಂತಲೇ ಅಲ್ಲವೇ ಅವಳು ಈ ಮ್ಯಾಪಿಗೆ ಕೈಹಾಕಿದ್ದು? ಗೋಡೆ ತುಂಬ ಗಡಿಯಾರ, ಮೇಜಿನ ಮೇಲೆ ದೀಪ, ಮೂಲೆಯಲ್ಲಿ ತಾನು ಕೂತು ಹೋಂವರ್ಕ್ ಮಾಡುತ್ತಿದ್ದ ಸ್ಟೂಲು, ಒಂದನ್ನೂ ಬಿಟ್ಟಿರಲಿಲ್ಲ. ಅಂಥ ಜಾಗದಲ್ಲಿ ರಾಕ್ಷಸನನ್ನು ತಂದು ಕೂರಿಸಿದ್ದಾನಲ್ಲ, ಇವನಿಗೇನು ತಲೆ ಕೆಟ್ಟಿದೆಯೇ?

ಬಾಯಿಗೆ ಬಂದಂತೆ ಬೈದಳು. ಅಪ್ಪನ ಮಗ ಅನ್ನಿಸಿಕೊಳ್ಳುವ ಯೋಗ್ಯತೆಯೂ ನಿನಗಿಲ್ಲ ಎಂದಳು. ಅವರು ಆಸ್ಪತ್ರೆಯಲ್ಲಿದ್ದಾಗ ಆ ಕಡೆ ತಲೆಹಾಕಿಯೂ ಮಲಗಲಿಲ್ಲ ನೀನು ಎಂದು ಹಳೆಯದನ್ನೆಲ್ಲ ಕೆದಕಿದಳು. ತಮ್ಮ ಕೆಂಪು ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದ. ಅದು ಅವಳನ್ನು ಇನ್ನಷ್ಟು ಕೆರಳಿಸಿತು. ರಬ್ಬರ್ ಎತ್ತಿಕೊಂಡು ಆ ಕೆಂಪನ್ನು ಉಜ್ಜಿದ ರಭಸಕ್ಕೆ ಹಾಳೆಯೇ ಹರಿದುಹೋಯಿತು.

"ನೀನು ಆರು ಗಂಟೆಗೆ ಮನೆಗೆ ಹೋಗ್ತಿದ್ದೆ," ಎಂದ ತಮ್ಮ. "ಕೆಲಸ ಕಲೀಲಿ ಅಂತ ಅಪ್ಪ ನನ್ನನ್ನ ಉಳಿಸಿಕೊಳ್ತಿದ್ರು. ಒಂದು ಸ್ಕ್ರೂ ಕೈಜಾರಿ ಬಿದ್ರೂ ಬೆಲ್ಟ್ ತೆಗೀತಿದ್ರು. ಓಡೋಣ ಅಂದ್ರೆ ಅಂಗಡಿಗೆ ಇದ್ದಿದ್ದು ಒಂದೇ ಬಾಗಿಲು. ಅದಕ್ಕೆ ಅಡ್ಡ ಅವರೇ ನಿಂತಿರ್ತಿದ್ರು."

ಸುಳ್ಳು ಹೇಳಬೇಡ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಒಂದು ಅಂಗಿ ನೆನಪಾಯಿತು. ಹೊಲಿಗೆ ಕಲಿತು ಅವಳು ಮೊದಲು ಹೊಲಿದದ್ದೇ ತಮ್ಮನಿಗೊಂದು ಅಂಗಿ. ಸುಡುಬೇಸಿಗೆಯಲ್ಲೂ ತುಂಬುತೋಳೇ ಬೇಕೆಂದು ಅವನು ಹಟ ಹಿಡಿದಿದ್ದ. ಏನು ಶೋಕಿಯಪ್ಪಾ ಇವನದು ಎಂದು ಮನೆಮಂದಿಯೆಲ್ಲ ನಕ್ಕಿದ್ದರು. ಅಪ್ಪನೂ ನಕ್ಕಿದ್ದರು.

ಅವಳಿಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಈ ಸಲ ಅಪ್ಪನ ಮೇಲೆ, ಅವರಿಗಿಂತ ಹೆಚ್ಚಾಗಿ, ಅಳತೆ ತೆಗೆಯುವಾಗಲೂ ಅವನು ತೊಟ್ಟಿದ್ದ ಅಂಗಿಯ ತೋಳನ್ನು ಒಂದು ಸಲ ಮೇಲೆ ಸರಿಸಿ ನೋಡದ ತನ್ನ ಮೇಲೆ. ಸತ್ತವರನ್ನು ಹಿಡಿದು ಕೇಳುವುದಾದರೂ ಹೇಗೆ?

ಹೊಸ ಹಾಳೆ ಎಳೆದುಕೊಂಡಳು. ಗಡಿಯಾರ, ದೀಪ, ಸ್ಟೂಲು ಎಲ್ಲವನ್ನೂ ಇದ್ದಲ್ಲೇ ಬರೆದಳು. ತಮ್ಮನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು, ಮೊನೆ ಮುರಿಯುವಷ್ಟು ಒತ್ತಿ ಅಂಗಡಿಗೆಲ್ಲ ತಾನೇ ಕೆಂಪು ಬಳಿದಳು. ಹಿಂದಿನ ಗೋಡೆಯಲ್ಲಿ ಎರಡು ಚೌಕ ಮಾತ್ರ ಬಿಳಿಯಾಗಿಯೇ ಬಿಟ್ಟಳು.

"ಅಲ್ಲಿ ಬಾಗಿಲು ಇರಲಿಲ್ಲ ಅಕ್ಕ," ಎಂದ ತಮ್ಮ.

"ಗೊತ್ತು," ಎಂದಳು. "ಕಟ್ಟು."