ಹೆಸರು ಕಡ್ಡಾಯ

ಸಹೃದಯ ವಾಚಕ ಮಹಾಶಯರಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮುಂದೆ ಹೇಳಲಿರುವ ವೃತ್ತಾಂತದಲ್ಲಿ ಕತ್ತಿವರಸೆಯಿಲ್ಲ, ಕುದುರೆಯೇರಿ ಬಂದ ಕಳ್ಳರಿಲ್ಲ, ಕಣಿವೆಯಲ್ಲಿ ಹೂತಿಟ್ಟ ನಿಧಿಯೂ ಇಲ್ಲ. ಇರುವುದು ಕಂಪ್ಯೂಟರಿನ ಪರದೆಯ ಮೇಲಿನ ಒಂದು ಗುಂಡಿ. ಬೂದು ಬಣ್ಣದ ಆ ಗುಂಡಿ ಹಸಿರಾಗಬೇಕಾಗಿತ್ತು. ಆರು ನಿಮಿಷವಾದರೂ ಆಗಲಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ತಾವು ಒಳಕ್ಕೆ ದಯಮಾಡಿಸಬೇಕು.

ಕನಿಷಾಯ್ ಆ ಕರೆಯ ಧ್ವನಿಮುದ್ರಣವನ್ನು ಮೂರನೆಯ ಸಲ ಮೊದಲಿನಿಂದ ಹಾಕಿದಳು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ವಿಚಾರಣೆಯ ಸಮಿತಿ ಎರಡು ಗಂಟೆಗೆ ಬರುವುದಿತ್ತು. ತಾಷ್‌ಕೆಚು ಊರಿನ ಆಂಬುಲೆನ್ಸ್ ಠಾಣೆಯ ಈ ಕೋಣೆಯಲ್ಲಿ ಎರಡು ಮೇಜು, ಎರಡು ಟೆಲಿಫೋನು, ಚೌಕಾಕಾರದ ಎರಡು ಹಳೆಯ ಮಾನಿಟರು. ಕಿಟಕಿಯಾಚೆ ಅಂಗಳದಲ್ಲಿ ಗಾಡಿ ನಿಂತಿತ್ತು. ಅದರಾಚೆ ಎಲೆಯುದುರಿದ ಪಾಪ್ಲರ್ ಮರಗಳ ನಡುವೆ ಕಲ್ಲಿದ್ದಲ ಹೊಗೆ. ಕರೆ ಸ್ವೀಕರಿಸುವ ಪ್ರೋಗ್ರಾಂ ಬರೆದವಳು ಕನಿಷಾಯ್. ಅದಕ್ಕೆಂದೇ ಅವಳನ್ನು ರಾಜಧಾನಿ ಬಿಷ್ಕೆಕ್‌ನಿಂದ ಬೆಳಗಿನ ಮಾರ್ಶ್ರುತ್ಕಾ ವ್ಯಾನಿನಲ್ಲಿ ಕರೆಸಿಕೊಂಡಿದ್ದರು.

ಕಳೆದ ಮಂಗಳವಾರ ಮಧ್ಯಾಹ್ನ ಮೇಲಿನ ಬೀದಿಯಲ್ಲಿ ಒಬ್ಬ ಮುದುಕನಿಗೆ ಪಾರ್ಶ್ವವಾಯು ಬಡಿದಿತ್ತು. ಕರೆ ಬಂದಿತ್ತು, ಆದರೆ ಗಾಡಿ ಹೊರಡಲು ಆರು ನಿಮಿಷ ತಡವಾಗಿತ್ತು. ಮುದುಕ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಪ್ರೋಗ್ರಾಮಿನ ದಾಖಲೆ ಹೇಳುತ್ತಿದ್ದುದು ಒಂದೇ ಮಾತು: ಕರೆ ತೆರೆಯಲಾಗಿದೆ, ಕಳುಹಿಸಿಲ್ಲ. ಆ ಹೊತ್ತಿಗೆ ಕುರ್ಚಿಯಲ್ಲಿದ್ದವಳು ಬುರುಲ್. ಇಪ್ಪತ್ತಾರು ವರ್ಷದಿಂದ ಅದೇ ಕೋಣೆಯಲ್ಲಿ ಫೋನು ಎತ್ತುತ್ತಿದ್ದ, ಊರಿಗೆಲ್ಲ ಅಕ್ಕನಾಗಿ 'ಬುರುಲ್ ಎಜೆ' ಎನಿಸಿಕೊಂಡ ಹೆಂಗಸು. ಈಗ ಅವಳು ಹೊರಗಿನ ಓಣಿಯ ಬೆಂಚಿನ ಮೇಲೆ, ಕೋಟನ್ನೂ ಬಿಚ್ಚದೆ, ಬಸ್ಸಿಗೆ ಕಾಯುವವಳಂತೆ ಕುಳಿತಿದ್ದಳು.

"ಏನಮ್ಮಾ, ದಾಖಲೆ ಕಾಗದ ತೆಗೆದ್ಯಾ?" ಠಾಣೆಯ ಮುಖ್ಯಸ್ಥ ಮೆಲಿಸ್ ಬಾಗಿಲಲ್ಲಿ ತಲೆ ಹಾಕಿದ. "ಸಮಿತಿಯವರಿಗೆ ಕೊನೇ ಸಾಲು ಸಾಕು. ಆರು ನಿಮಿಷ, ಕಳುಹಿಸಿಲ್ಲ. ಕೆಳಗೆ ನಿನ್ನದೊಂದು ಸಹಿ."

"ಇನ್ನೂ ಕೇಳ್ತಾ ಇದೀನಿ, ಬಾಯ್ಕೆ," ಎಂದಳು, ಅಣ್ಣನನ್ನು ಕರೆಯುವ ಮರ್ಯಾದೆಯಲ್ಲಿ.

"ಎಷ್ಟು ಸಲ ಕೇಳ್ತೀಯ? ಮದುವೆ ಹಾಡೇನು ಅದು? ಫೋನಲ್ಲಿ ಒಗಟು ಹೇಳ್ಕೊಂಡು ಕೂತಿದ್ಲು, ಆಮೇಲೆ ಎದ್ದು ಹೋದ್ಲು. ನಾನೂ ಕೇಳಿದೀನಿ." ಅವನು ದನಿ ತಗ್ಗಿಸಿದ. "ನೋಡು, ಬರೋರು ಬರೀ ವಿಚಾರಣೆಗೆ ಬರ್ತಿಲ್ಲ. ಇನ್ನೂ ಐದು ಜಿಲ್ಲೆಗೆ ನಿನ್ನ ಪ್ರೋಗ್ರಾಮನ್ನೇ ಹಾಕೋ ಮಾತಿದೆ. ಯಂತ್ರ ಸರಿ ಇದೆ, ಕೈ ತಪ್ಪು ಮಾಡ್ತು ಅಂದ್ರೆ ಮುಗೀತು."

ಅವನು ಹೋದ ಮೇಲೂ ಆ ಮಾತು ಕೋಣೆಯಲ್ಲೇ ಉಳಿಯಿತು. ಕನಿಷಾಯ್ ಕಿವಿಗೆ ಮತ್ತೆ ಹೆಡ್‌ಫೋನ್ ಏರಿಸಿದಳು.

"ಬೇಗ ಬನ್ನಿ ಎಜೆ, ಅತಾ ಬಿದ್ದುಬಿಟ್ರು! ಬಾಯಿ ಒಂದು ಕಡೆ ಎಳ್ಕೊಂಡಿದೆ!" ಹುಡುಗಿಯ ದನಿ, ಹೊಸ ಸೊಸೆ, ಇಪ್ಪತ್ತೂ ತುಂಬಿರಲಾರದು.

"ಹೆದರ್ಬೇಡ ಮಗಳೇ. ಯಾವ ಬೀದಿ?"

"ಮೇಲಿನ ಬೀದಿ, ಹದಿನೇಳು. ನೀಲಿ ಬಾಗಿಲು."

"ವಯಸ್ಸು?"

"ಎಪ್ಪತ್ತೊಂದು."

"ಹೆಸರು?"

ಹಿಂದೆಲ್ಲೋ ಒಂದು ನಾಯಿ ಬೊಗಳುತ್ತಿತ್ತು.

"ಅತಾ. ನಮ್ಮ ಮಾವ."

"ಅಪ್ಪ ಅಂದ್ರೆ ಸಾಲಲ್ಲ ಕಣಮ್ಮಾ, ಈ ಪೆಟ್ಟಿಗೆ ಬಿಡ್ತಾ ಇಲ್ಲ. ಹೆಸರು ಹೇಳು."

"ನಾನು ಸೊಸೆ, ಹೇಳ್ಬಾರ್ದು ಎಜೆ…"

"ಅತ್ತೆ ಇದಾರಾ? ಕೊಡು ಅವರ ಕೈಗೆ."

ಮುದುಕಿಯ ದನಿ ನಡುಗುತ್ತಿತ್ತು. "ನಮ್ಮನೆ ಯಜಮಾನ. ಹಂಗಂತ ಬರ್ಕೋ. ಇಂಥ ಹೊತ್ತಲ್ಲಿ ಅವರ ಹೆಸರೆತ್ತಿ ಕೂಗು ಅಂತೀಯಲ್ಲ, ನಿಂಗೆ ಗಂಡ ಇಲ್ವೇನೇ?"

ಫೋನು ಮತ್ತೆ ಕೈ ಬದಲಾಯಿಸಿತು. "ಎಜೆ, ಎಜೆ, ಸೌದೆ ಸೀಳ್ತಾರಲ್ಲ, ಅದು. ಅದರ ಮುಂದೆ 'ಬಾಯ್'."

"ಸೌದೆ… ಕೊಡಲಿನಾ? ಬಾಲ್ತಾ? ಬಾಲ್ತಾಬಾಯ್!"

"ಹ್ಞೂಂ, ಹ್ಞೂಂ!"

"ಮನೆತನದ ಹೆಸರು?"

"ಅದು ಅವರಪ್ಪಂದು. ಅದನ್ನೂ…" ಹುಡುಗಿ ಅಳತೊಡಗಿದಳು.

ಮೊದಲ ಸಲ ಕೇಳಿದಾಗ, ಕೊಡಲಿಯ ಒಡಪಿಗೆ ಕನಿಷಾಯ್‌ಳ ತುಟಿಯಂಚು ನಕ್ಕಿತ್ತು. ಎರಡನೆಯ ಸಲ ನಗು ಬರಲಿಲ್ಲ. ಈಗ ಅವಳು ಮಾತನ್ನು ಬಿಟ್ಟು ಅದರ ಹಿಂದಿನ ಸದ್ದನ್ನು ಹಿಡಿದಳು. ಟಕ್. ಟಕ್ ಟಕ್. ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ. ಅವಳು ಬೆರಳು ಮಡಿಸಿ ಎಣಿಸಿದಳು: ಹತ್ತೊಂಬತ್ತು. ಬುರುಲ್ ಎಜೆ ಮೌಸಿನಿಂದ ಹತ್ತೊಂಬತ್ತು ಸಲ 'ಕಳುಹಿಸು' ಗುಂಡಿಯನ್ನು ಒತ್ತಿದ್ದಳು. ಆಮೇಲೆ ಕುರ್ಚಿ ಉರುಳಿದ ಸದ್ದು, ಓಡುವ ಚಪ್ಪಲಿಯ ಸದ್ದು, ಬಹಳ ದೂರದಿಂದ, ಅಂಗಳದಿಂದ, ಚಾಲಕನಿಗೆ ಒಂದು ಕೂಗು: "ಶೈಲೂ! ಗಾಡಿ ತೆಗಿಯೋ! ಮೇಲಿನ ಬೀದಿ, ಹದಿನೇಳು!"

ಎದ್ದು ಹೋದದ್ದು ಅಲ್ಲಿಗೆ. ಮೊದಲು ಮೇಜಿನ ಮೇಲೊಂದು ವಾಕಿಟಾಕಿ ಇರುತ್ತಿತ್ತು. ಹೊಸ ಪ್ರೋಗ್ರಾಂ ಬಂದ ದಿನ, ಇನ್ನೇಕೆ ಎಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

ಕನಿಷಾಯ್ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಫಾರಂ ತೆರೆದು, ಬರಿಯ 'ಅತಾ' ಎಂದು ಹೊಡೆದಳು. ಗುಂಡಿ ಬೂದಾಗಿಯೇ ಉಳಿಯಿತು. ಅದರ ಕೆಳಗೆ ಕೆಂಪಕ್ಷರ ಮೂಡಿತು: 'ಹೆಸರು ಕಡ್ಡಾಯ. ಎರಡು ಪದ, ಅಕ್ಷರಗಳಲ್ಲಿ. ತುರ್ತಿದ್ದರೆ ಇಲ್ಲಿ ಒತ್ತಿ.' ಅವಳಿಗೆ ಒಂದು ಕ್ಷಣ ಉಸಿರು ಬಂದಂತಾಯಿತು. ದಾರಿಯನ್ನು ಬರೆದೇ ಇದ್ದೇನಲ್ಲ! ಕಣ್ಣೆದುರಿಗಿದ್ದುದನ್ನು ಎಜೆ ಏಕೆ ಓದಲಿಲ್ಲ?

ಎದ್ದು ಬುರುಲ್ ಎಜೆಯ ಕುರ್ಚಿಯಲ್ಲಿ ಕುಳಿತು, ಆ ಚೌಕ ಮಾನಿಟರಿನಲ್ಲಿ ಮತ್ತೆ 'ಅತಾ' ಎಂದು ಹೊಡೆದಳು. ಬೂದು ಗುಂಡಿ ಪರದೆಯ ಕೆಳ ಅಂಚಿಗೆ ಅಂಟಿಕೊಂಡಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಪರದೆ ಅಲ್ಲಿಗೆ ಮುಗಿದಿತ್ತು. ಪುಟವನ್ನು ಕೆಳಕ್ಕೆ ಜಾರಿಸಲು ಪಟ್ಟಿಯೂ ಇರಲಿಲ್ಲ. ಚೆಂದ ಕೆಡುತ್ತದೆಂದು ಅದನ್ನು ಅಡಗಿಸಿದವಳೂ ತಾನೇ. ಕೆಂಪಕ್ಷರ ಇದ್ದೇ ಇತ್ತು, ಆದರೆ ಈ ಮಾನಿಟರಿಗಿಂತ ನಾಲ್ಕು ಬೆರಳು ಕೆಳಗೆ, ಎಜೆಯ ಚಹಾ ಬಟ್ಟಲು ಕೂತಿದ್ದ ಜಾಗದಲ್ಲಿ. ಕನಿಷಾಯ್ ಮೇಜಿನ ಮರದ ಮೇಲೆ ಅಂಗೈಯಿಟ್ಟಳು. ಬೂದು ಗುಂಡಿಯನ್ನು ಎಷ್ಟು ಸಲ ಒತ್ತಿದರೂ ದಾಖಲೆಯಲ್ಲಿ ಗುರುತು ಉಳಿಯುವುದಿಲ್ಲ. ಹತ್ತೊಂಬತ್ತು ಒತ್ತುಗಳೂ ನೀರಿನಲ್ಲಿ ಹೋಮವಾಗಿದ್ದವು.

ಹೋದ ತಿಂಗಳು ಮೆಲಿಸನೇ ದೂರಿದ್ದ: ಇವರು ಹೆಸರಿನ ಜಾಗದಲ್ಲಿ 'ಮುದುಕ', 'ಗೊತ್ತಿಲ್ಲ', ಬರೀ ಗೀಟು, ಹೀಗೆಲ್ಲ ಹಾಕುತ್ತಾರೆ, ತಿಂಗಳ ವರದಿ ವಾಪಸು ಬರುತ್ತದೆ. ಅವಳು ಬಿಷ್ಕೆಕ್‌ನ ಮನೆಯಲ್ಲಿ ಅಗಲ ಪರದೆಯ ಮುಂದೆ ಕುಳಿತು ಎರಡು ಪದದ ಹೆಸರಿಲ್ಲದೆ ಗುಂಡಿ ಹಸಿರಾಗದಂತೆ ಮೂರು ಸಾಲು ಬರೆದಿದ್ದಳು. ಪರೀಕ್ಷೆಗೆ, ಶಾಲೆಯ ಲೆಕ್ಕಗಳಲ್ಲಿ ಸೇಬು ಹಂಚಿಕೊಳ್ಳುವ 'ಅಸಾನ್ ಉಸೊನ್' ಹೆಸರನ್ನು ಹೊಡೆದಿದ್ದಳು. ಗುಂಡಿ ಹಸಿರಾಗಿತ್ತು. ಅವಳು ಎದ್ದು ಅಡುಗೆಮನೆಗೆ ಹೋಗಿದ್ದಳು.

ಆ ಅಡುಗೆಮನೆಯಲ್ಲಿ ಆಗ ಅವಳ ಮಾವ ಚಹಾಕ್ಕೆ ಕಾಯುತ್ತಿದ್ದರು. ಮದುವೆಯಾಗಿ ಹನ್ನೊಂದು ವರ್ಷ. ಅವರ ಹೆಸರು ಅವಳ ನಾಲಿಗೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಫೋನಿನಲ್ಲಿ ಅವರು ಕೇವಲ 'ಅತಾ'. ಅವರ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಕಿಟಕಿಯಲ್ಲಿ ಹೆಸರು ಕೇಳಿದಾಗ, ಅವಳು ಪೆನ್ನನ್ನು ಗಂಡನ ಕೈಗೆ ದಾಟಿಸಿದ್ದಳು. ಹೀಗಿದ್ದೂ ಆ ಸಾಲುಗಳನ್ನು ಬರೆದಿದ್ದಳು. ಕೈ ತಡೆಯಲಿಲ್ಲ, ಹೊಳೆಯಲೂ ಇಲ್ಲ.

ಪಕ್ಕದ ಮೇಜಿನ ಫೋನು ಬಡಿದುಕೊಂಡಿತು. ಬುರುಲ್ ಎಜೆಯ ಬದಲಿಗೆ ಕುಳಿತಿದ್ದ ನರ್ಸ್ ಎತ್ತಿಕೊಂಡಳು. ಕನಿಷಾಯ್ ಅತ್ತ ಕಿವಿಗೊಟ್ಟಳು. ಯಾರು? ಮಗನೋ, ಸೊಸೆಯೋ? ನರ್ಸ್ ಬೀದಿ ಕೇಳಿದಳು, ವಯಸ್ಸು ಕೇಳಿದಳು, ಹೆಸರು ಕೇಳಿದಳು. ಮಗುವಿನ ಜ್ವರ, ತಾಯಿ ಮಗುವಿನ ಹೆಸರನ್ನು ಒಂದೇ ಉಸಿರಿಗೆ ಹೇಳಿದಳು. ಗುಂಡಿ ಹಸಿರಾಯಿತು. ಅಂಗಳದಲ್ಲಿ ಗಾಡಿ ಗುರುಗುಟ್ಟಿತು.

ಮುಂದಿನ ಕರೆ ಹೀಗೆಯೇ ಇರಬೇಕೆಂದಿಲ್ಲ. ಕನಿಷಾಯ್ ಅಲ್ಲೇ, ಲ್ಯಾಪ್‌ಟಾಪಿನ ಮೇಲೆ ಬಾಗಿಕೊಂಡೇ, ಆ ಮೂರು ಸಾಲನ್ನು ಕಿತ್ತುಹಾಕಿದಳು. ಪರದೆಗೆ ಜಾರುವ ಪಟ್ಟಿಯನ್ನು ಹಿಂದಿರುಗಿಸಿದಳು. ಹತ್ತು ನಿಮಿಷದ ಕೆಲಸ. ಈಗ ಹೆಸರಿನ ಜಾಗ ಬರಿದಾಗಿದ್ದರೂ ಗುಂಡಿ ಹಸಿರಾಗುತ್ತಿತ್ತು.

ಮುಗಿದ ಮೇಲೆಯೇ ಅವಳಿಗೆ ಹೊಳೆದದ್ದು. ಎರಡು ಗಂಟೆಗೆ ಸಮಿತಿಯವರು ಬಂದು ಇದೇ ಗುಂಡಿಯನ್ನು ಒತ್ತಿ ನೋಡುತ್ತಾರೆ. ಅದು ಕೆಲಸ ಮಾಡುತ್ತದೆ. 'ಒತ್ತಿದೆ, ಹೋಗಲಿಲ್ಲ' ಎಂದು ಬುರುಲ್ ಎಜೆ ಹೇಳುತ್ತಾಳೆ. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ.

ಅವಳು ಓಣಿಗೆ ಬಂದಳು. ಬುರುಲ್ ಎಜೆ ಮೊಣಕಾಲ ಮೇಲೆ ಕರವಸ್ತ್ರ ಹರಡಿಕೊಂಡು, ಒಣಮೊಸರಿನ ಉಂಡೆಯೊಂದನ್ನು ಹಲ್ಲಿನಲ್ಲಿ ಕೊರೆಯುತ್ತಿದ್ದಳು.

"ಎಜೆ, ಅವತ್ತು ನನಗೆ ಯಾಕೆ ಫೋನ್ ಮಾಡ್ಲಿಲ್ಲ? ಗುಂಡಿ ಕೆಲಸ ಮಾಡ್ತಿಲ್ಲ ಅಂತ?"

"ಮಾಡಿ ಏನನ್ಲಿ? ನೀವು ಓದಿದೋರು. ನಾನು ಒತ್ತಿದ್ದೇ ಸರಿ ಇರ್ಲಿಲ್ಲವೇನೋ ಅಂದ್ಕೊಂಡೆ." ಅವಳು ತನ್ನ ತೋರುಬೆರಳನ್ನು ತಾನೇ ನೋಡಿಕೊಂಡಳು. "ಚಳೀಲಿ ಬೆರಳು ಜಡ ಆಗುತ್ತೆ. ಉಜ್ಜಿ ಉಜ್ಜಿ ಒತ್ತಿದೆ ಕಣೇ."

ಕನಿಷಾಯ್ ಪಕ್ಕದಲ್ಲಿ ಕುಳಿತಳು. ಉಂಡೆಯೊಂದನ್ನು ಎಜೆ ಅವಳ ಕೈಗಿಟ್ಟಳು. "ತಿನ್ನು. ಬಿಷ್ಕೆಕ್‌ನಲ್ಲಿ ಇಂಥದ್ದು ಸಿಗಲ್ಲ, ಸುಣ್ಣ ತಿಂದಂಗಿರುತ್ತೆ ಅಲ್ಲಿಂದು."

ಒಂದೂವರೆಗೆ ಮೆಲಿಸನ ಕೋಣೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಮಾನಿಟರು, ಕೆಂಪಕ್ಷರ, ಮೂರು ಸಾಲು. ಮೆಲಿಸ್ ರೇಡಿಯೇಟರಿನ ಮೇಲೆ ಬೆಚ್ಚಗಾಗಲಿಟ್ಟಿದ್ದ ತನ್ನ ಬಿಳಿ ಟೋಪಿಯನ್ನು ಎತ್ತಿದ, ಮತ್ತೆ ಅಲ್ಲೇ ಇಟ್ಟ.

"ಸರಿ ಮಾಡಿದ್ಯಲ್ಲ?"

"ಮಾಡಿದೆ."

"ಮತ್ತೇನು! ಬಾಯಿ ಮುಚ್ಕೊಂಡಿರು. ಸತ್ತ ಕುದುರೆಗೆ ಯಾರಾದ್ರೂ ಲಾಳ ಹೊಡೀತಾರಾ?"

"ಎಜೆ ಗತಿ?"

ಅವನು ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಘಟನೆಯ ವರದಿಯ ಫಾರಂ. ಅದೂ ಅವಳೇ ಮಾಡಿದ್ದು, ಕಿತ್ತುಹಾಕಿದ ಆ ಮೂರು ಸಾಲುಗಳೇ ಇದನ್ನೂ ಕಾಯುತ್ತಿದ್ದವು. 'ಹೊಣೆಗಾರರ ಹೆಸರು' ಎಂಬ ಜಾಗದಲ್ಲಿ ಅವನು ಆಗಲೇ ಬುರುಲ್‌ಳ ಹೆಸರು ತುಂಬಿದ್ದ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಒಂದೊಂದೇ ಅಕ್ಷರ ಅಳಿಸಿದ. ಜಾಗ ಬರಿದಾಯಿತು. ಕೆಳಗಿನ ಗುಂಡಿ ಮಾತ್ರ ಹಸಿರಾಗಿಯೇ ಇತ್ತು.

"ಅರೇ," ಎಂದ ಮೆಲಿಸ್, ಮಗುವಿನಂತೆ. "ಖಾಲಿ ಬಿಟ್ರೂ ಹೋಗುತ್ತೆ ಈಗ! ಒಳ್ಳೇ ಕೆಲಸ ಮಾಡ್ದೆ ನೀನು. ಖಾಲಿ ಬಿಡೋಣ. ಕಾರಣ ಗೊತ್ತಾಗ್ಲಿಲ್ಲ ಅಂತ ಬರ್ಕೋತಾರೆ. ಬುರುಲ್‌ಗೂ ವಯಸ್ಸಾಯ್ತು, ತಾನೇ ಬಿಟ್ಟೆ ಅಂತ ಒಂದು ಕಾಗದ ಕೊಡ್ತಾಳೆ. ಯಾರ ಹೆಸರೂ ಕೆಡಲ್ಲ. ಒತ್ತು."

ಹೊರಗೆ ಅಂಗಳದಲ್ಲಿ ಕಾರೊಂದು ನಿಂತ ಸದ್ದಾಯಿತು. ಬಾಗಿಲುಗಳು ಒಂದಾದ ಮೇಲೊಂದು ಬಡಿದವು: ಒಂದು, ಎರಡು, ಮೂರು. ಓಣಿಯಲ್ಲಿ ಬುರುಲ್ ಎಜೆ ಎದ್ದು ನಿಂತು ಯಾರಿಗೋ ಸಲಾಂ ಹೇಳಿದಳು.

ಕನಿಷಾಯ್ ಮೌಸಿನ ಮೇಲೆ ಕೈಯಿಟ್ಟಳು. ಬಾಣದ ಗುರುತು ಹಸಿರು ಗುಂಡಿಯ ಮೇಲೆ ನಿಂತಿತ್ತು. ಐದು ಜಿಲ್ಲೆ. ಅವಳು ಬಾಣವನ್ನು ಮೇಲಕ್ಕೆ ಒಯ್ದು, ಬರಿದಾದ ಜಾಗದೊಳಗೆ ಒತ್ತಿದಳು. ತನ್ನ ಹೆಸರನ್ನು ಹೊಡೆದಳು. ಒಂದು ಜಾಗ ಬಿಟ್ಟು, ತನ್ನ ಮನೆತನದ ಹೆಸರನ್ನೂ ಹೊಡೆದಳು. ಎರಡು ಪದ, ಅಕ್ಷರಗಳಲ್ಲಿ.

"ಹುಚ್ಚು ಹಿಡೀತಾ ನಿಂಗೆ?" ಎಂದ ಮೆಲಿಸ್, ಪಿಸುಮಾತಿನಲ್ಲಿ.

ಅವಳು ಗುಂಡಿ ಒತ್ತಿದಳು. ಒಂದೇ ಸಲಕ್ಕೆ ಹೋಯಿತು.

ನಾಲ್ಕು ಗಂಟೆಗೆ ಸಮಿತಿ ಎದ್ದಿತು. ಜಿಲ್ಲೆಗಳ ಮಾತನ್ನು ಯಾರೂ ಎತ್ತಲಿಲ್ಲ. ಅವಳ ಕಡತವನ್ನು ಹಾಗೆಯೇ ಮಡಿಸಿ ಚೀಲಕ್ಕೆ ಹಾಕಿಕೊಂಡರು. ವಾಕಿಟಾಕಿಯನ್ನು ಕಪಾಟಿನಿಂದ ತೆಗೆಯಲು ಹೇಳಿದರು. ಕನಿಷಾಯ್ ಲ್ಯಾಪ್‌ಟಾಪಿನ ತಂತಿಯನ್ನು ಸುತ್ತಿ ಕಟ್ಟುತ್ತಿದ್ದಾಗ ಬುರುಲ್ ಎಜೆ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ, ತನ್ನ ಕುರ್ಚಿಯಲ್ಲಿ ಕುಳಿತಳು.

"ಆಸ್ಪತ್ರೆಗೆ ಫೋನ್ ಮಾಡಿದ್ದೆ," ಎಂದಳು ಎಜೆ, ಪರದೆಯಿಂದ ಕಣ್ಣು ತೆಗೆಯದೆ. "ಮುದುಕ ಕಣ್ಣು ಬಿಟ್ಟನಂತೆ."

"ನಿಜವಾಗ್ಲೂ?"

"ಡಾಕ್ಟ್ರು ಮೊದ್ಲು ಅದನ್ನೇ ಕೇಳ್ತಾರಲ್ಲ, ನಿನ್ನ ಹೆಸರೇನು ಅಂತ. ಎಲ್ಲಾ ಗೊತ್ತಾಗುತ್ತಂತೆ ಅವನಿಗೆ. ಬಾಯಿ ಮಾತ್ರ ತಿರುಗ್ತಿಲ್ಲ." ಎಜೆ ಚಹಾ ಬಟ್ಟಲನ್ನು ಮಾನಿಟರಿನ ಬುಡದಿಂದ ಎತ್ತಿ ದೂರ ಇಟ್ಟಳು. "ಸೊಸೆ ಪಕ್ಕದಲ್ಲೇ ನಿಂತಿದ್ಲಂತೆ."

ಬಿಷ್ಕೆಕ್‌ಗೆ ಹೋಗುವ ಕೊನೆಯ ಮಾರ್ಶ್ರುತ್ಕಾ ಠಾಣೆಯ ಎದುರಿಗೇ ನಿಂತು ಹಾರನ್ ಹೊಡೆಯುತ್ತಿತ್ತು. ಕನಿಷಾಯ್ ಕಿಟಕಿಯ ಪಕ್ಕ ಕುಳಿತು ಫೋನು ತೆರೆದಳು. 'ಅತಾ' ಎಂಬಲ್ಲಿಗೆ ಬಂದು, ಮಾವನ ಹೆಸರು ಹೊಡೆಯಲೆಂದು ಅದನ್ನು ತಿದ್ದುವ ಜಾಗ ತೆರೆದು, ಮಿನುಗುವ ಗೀಟನ್ನು ನೋಡುತ್ತ ಕುಳಿತಳು. ವಾಚಕರಿಗೆ ಈ ಕಥೆ ಹೇಳಿದವನ ಚೀಲವನ್ನೂ ಚಾಲಕ ಅದೇ ವ್ಯಾನಿನ ಹಿಂಬದಿಗೆ ತುರುಕಿ ಬಾಗಿಲು ಬಡಿದ. ಗಾಡಿ ಸೇತುವೆ ದಾಟುವಾಗಲೂ ಅವಳ ಅಂಗೈಯಲ್ಲಿ ಆ ಗೀಟು ಮಿನುಗುತ್ತಲೇ ಇತ್ತು.